ಟಾಕ್ಯಾಗ ಗಾಳಿ ಹೋಗ್ಯದ

ಕಚೇರಿಯ ಪತ್ರಗಳನ್ನು ಹೊರತುಪಡಿಸಿ ನಾನು ಈವರೆಗೆ ಬೇರೇನನ್ನೂ ಬರೆದವನಲ್ಲ. ಆಳಂದದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಟಿಪ್ಪಣಿ, ಜ್ಞಾಪನ, ಅವುಗಳ ಉತ್ತರ, ಉತ್ತರಕ್ಕೆ ಬಂದ ಆಕ್ಷೇಪಣೆಗೆ ಮರು ಉತ್ತರ, ಇವನ್ನೇ ಬರೆಯುತ್ತಾ ಕೂದಲು ನರೆತಿದೆ. ಆದ್ದರಿಂದ ಈ ಬರಹದ ಭಾಷೆ ಅಲ್ಲಲ್ಲಿ ಪತ್ರದ ಭಾಷೆಯಂತೆ ತೋರಿದಲ್ಲಿ ಓದುವವರು ಸಹಿಸಿಕೊಳ್ಳಬೇಕು. ನನಗೆ ಗೊತ್ತಿರುವ ಕ್ರಮ ಅದೊಂದೇ. ವಿಷಯವನ್ನು ಮೊದಲೇ ಹೇಳಿಬಿಡಬೇಕೆಂಬುದು ನಾನು ಕೆಲಸಕ್ಕೆ ಸೇರಿದ ವಾರದಲ್ಲಿ ಕಲಿತ ಪಾಠ. ಅದರಂತೆ, ನನ್ನ ಮನೆಯ ಬಾವಿಯ ಮೋಟಾರು ಮತ್ತು ಒತ್ತಡದ ಟಾಕಿ ಕೆಟ್ಟಾಗ ನಾನು ಹೇಗೆ ನಡೆದುಕೊಂಡೆ, ಮತ್ತು ನನ್ನ ಷಡ್ಡಕರ ಮೇಲೆ ನನಗಿದ್ದ ಹೊಟ್ಟೆಕಿಚ್ಚು ಅದಕ್ಕೆ ಎಷ್ಟರಮಟ್ಟಿಗೆ ಕಾರಣವಾಯಿತು ಎಂಬುದೇ ಇಲ್ಲಿಯ ವಿಷಯ.

ಸಂಬಂಧಗಳನ್ನು ಸ್ಪಷ್ಟಪಡಿಸುವುದು ಅವಶ್ಯ. ನನ್ನ ಅತ್ತೆಯವರು ನನಗೆ ಎರಡು ರೀತಿಯಿಂದ ಅತ್ತೆ. ಮೊದಲನೆಯದಾಗಿ ಅವರು ನನ್ನ ತಂದೆಯವರ ತಂಗಿ; ಮಾದನಹಿಪ್ಪರಗಾದ ನಮ್ಮ ಮನೆಯಲ್ಲಿ ಹುಟ್ಟಿ, ಭೀಮಾ ದಂಡೆಯ ಮಣ್ಣೂರಿಗೆ ಮದುವೆಯಾಗಿ ಹೋದವರು. ನಂತರ ತಮ್ಮ ಹಿರಿಯ ಮಗಳನ್ನು ನನಗೆ ಕೊಟ್ಟರು. ಕಿರಿಯ ಮಗಳನ್ನು ಜೇವರ್ಗಿಯಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟಿರುವವರಿಗೆ ಕೊಟ್ಟರು. ಆ ಮನೆತನ ನಮಗೆ ಮೊದಲು ಏನೂ ಆಗಬೇಕಾಗಿರಲಿಲ್ಲ. ಅವರೇ ನನ್ನ ಷಡ್ಡಕರು. ಗಂಡುಮಕ್ಕಳಿಲ್ಲದ ಅತ್ತೆಯವರು, ಮಾವನವರು ತೀರಿಕೊಂಡು ತಮ್ಮ ಮೊಣಕಾಲು ನೋವೂ ಹೆಚ್ಚಾದ ಮೇಲೆ, ಮಣ್ಣೂರಿನ ಮನೆಯನ್ನು ಮೈದುನನ ಮಕ್ಕಳಿಗೆ ಬಿಟ್ಟು ನಮ್ಮಲ್ಲಿಗೆ ಬಂದರು. ಇಬ್ಬರು ಅಳಿಯಂದಿರಲ್ಲಿ ಯಾರ ಮನೆ ಎಂಬ ಪ್ರಶ್ನೆ ಎದ್ದಾಗ ಅವರು, "ಅಣ್ಣನ ಮಗನ ಮನಿ ಇರ್ತಾ ಬ್ಯಾರೆ ಕಡಿ ಯಾಕ ಹೋಗ್ಲಿ" ಎಂದಿದ್ದರು. ಆ ಮಾತನ್ನು ನಾನು ಆದೇಶದ ಮೂಲ ಪ್ರತಿಯಂತೆ ಮನಸ್ಸಿನಲ್ಲಿ ಜೋಪಾನ ಮಾಡಿಟ್ಟುಕೊಂಡಿದ್ದೆ.

ನನ್ನ ತಂದೆತಾಯಿ ಇಬ್ಬರೂ ಇಲ್ಲ. ತಂದೆಯವರು ಚಿಕ್ಕವರಿದ್ದಾಗ ಹೇಗಿದ್ದರೆಂದು ಬಲ್ಲವರು ಅತ್ತೆಯವರೊಬ್ಬರೇ. ಸಂಜೆ ಕಚೇರಿಯಿಂದ ಬಂದು, ಅವರ ಹೊರಸಿನ ಪಕ್ಕದಲ್ಲಿ ಶೇಂಗಾ ಸುಲಿಯುತ್ತಾ ಕೂರುವ ಅರ್ಧ ಗಂಟೆಗಾಗಿ ನಾನು ದಿನವನ್ನೆಲ್ಲ ತಳ್ಳುತ್ತಿದ್ದೆ ಎಂದರೆ ತಪ್ಪಾಗಲಾರದು. ಅವರು ನನ್ನ ಮನೆಯಲ್ಲಿರಬೇಕು, ಜೇವರ್ಗಿಗೆ ಹೋಗಬಾರದು. ನನಗೆ ಬೇಕಾಗಿದ್ದುದು ಇಷ್ಟೇ.

ಆದರೆ ಇರುವಾಗಲೂ ಒಂದು ವಿಷಯ ನನ್ನನ್ನು ಚುಚ್ಚುತ್ತಿತ್ತು. ಅತ್ತೆಯವರು ನನ್ನನ್ನು ಏಕವಚನದಲ್ಲಿ ಕರೆಯುತ್ತಿದ್ದರು, ಷಡ್ಡಕರನ್ನು ಬಹುವಚನದಲ್ಲಿ. ನಾನು ಮನೆಗೆ ಬಂದರೆ, "ಬಂದಿ ಏನ್ಲೇ? ಆ ಬಾಗ್ಲ ಮುಂದ್ ಮಾಡು, ಧೂಳ ಬರ್ತದ" ಎನ್ನುವರು. ಷಡ್ಡಕರು ಬಂದರೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೋಯುವ ಮೊಣಕಾಲಿನ ಮೇಲೆ ಕೈಯೂರಿ ಎದ್ದು ನಿಂತು, "ಬರ್ರಿ ಅಳಿಯಾರ, ಕೂಡ್ರಿ, ಬಸ್ಸಿನ್ಯಾಗ ತ್ರಾಸ ಆತೇನ್ರಿ" ಎನ್ನುವರು. ಕಚೇರಿಯಲ್ಲಿ ಜ್ಯೇಷ್ಠತಾ ಪಟ್ಟಿ ಎಂಬುದೊಂದಿರುತ್ತದೆ. ಒಂದೇ ದಿನ ಮೊದಲು ಸೇರಿದವನೂ ಮೇಲೆಯೇ. ನಾನು ಆರು ವರ್ಷ ಮೊದಲು ಅಳಿಯನಾದವನು. ನನಗೆ ಸಲ್ಲಬೇಕಾದ ಒಂದು "ರಿ" ಎಂದೂ ಬರಲಿಲ್ಲವೆಂದು ಪತ್ನಿಯೊಂದಿಗೆ ಒಮ್ಮೆ ಪ್ರಸ್ತಾಪಿಸಿದ್ದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, "ಅರ್ಜಿ ಕೊಡ್ರಿ, ಮಂಜೂರ್ ಮಾಡ್ತಾಳೇನ್ ನೋಡೂಣು" ಎಂದಳು.

ಒತ್ತಡದ ಟಾಕಿಯೂ ಷಡ್ಡಕರದೇ ಕೊಡುಗೆ. ನಮ್ಮದು ಹಳೆಯ ಮಣ್ಣಿನ ಮಾಳಿಗೆಯ ಮನೆ. ಮೇಲೆ ನೀರಿನ ಟಾಕಿ ಇಟ್ಟರೆ ತೊಲೆಗಳು ತಡೆಯುವುದಿಲ್ಲ. ಹಿತ್ತಲ ಬಾವಿಯಿಂದ ಮೋಟಾರಿನಲ್ಲಿ ಹೌದಿಗೆ, ಅಂದರೆ ನೆಲದ ತೊಟ್ಟಿಗೆ, ನೀರು ಬಿಟ್ಟುಕೊಂಡು, ಅಲ್ಲಿಂದ ಕೊಡದಲ್ಲಿ ಒಳಗೆ ಹೊರುವುದು ನಡೆದುಬಂದ ಪದ್ಧತಿ. ಅತ್ತೆಯವರಿಗೆ ಬಗ್ಗಿ ನೀರು ಎತ್ತಿಕೊಳ್ಳುವುದು ಆಗುತ್ತಿರಲಿಲ್ಲ. ಷಡ್ಡಕರು ಒಂದು ದಿನ ಬಂದು ಮಾಳಿಗೆಯನ್ನು ನೋಡಿದರು, ಬಾವಿಯನ್ನು ನೋಡಿದರು, ಚಹಾ ಕುಡಿದು ಹೋದರು. ಮುಂದಿನ ಭಾನುವಾರ ಗ್ಯಾಸ್ ಸಿಲಿಂಡರಿನಷ್ಟು ಎತ್ತರದ ನೀಲಿ ಟಾಕಿಯೊಂದನ್ನು ತಂದು ಬಾವಿಯ ಕಟ್ಟೆಯ ಬಳಿ ಕೂರಿಸಿದರು. ನಳ ತಿರುಗಿಸಿದರೆ ನೀರು. ಟಾಕಿಯಲ್ಲಿ ಒತ್ತಡ ಕಡಿಮೆಯಾದಾಗ ಮೋಟಾರು ತಾನೇ ಶುರು, ಸಾಕಾದಾಗ ತಾನೇ ಬಂದ್. ಬಚ್ಚಲಲ್ಲಿ ಅತ್ತೆಯವರು ಸ್ಟೂಲಿನ ಮೇಲೆ ಕುಳಿತು, ಮೇಲಿನಿಂದ ಬೀಳುವ ನೀರಿನಲ್ಲಿ ಸ್ನಾನ ಮಾಡುವಂತಾಯಿತು. ಹೊರಗೆ ಬಂದವರು, "ಹೊಳ್ಯಾಗ ಈಸಿದಂಗ ಆತು" ಎಂದರು. ಅಂದು ಊಟದಲ್ಲಿ ಷಡ್ಡಕರ ತಟ್ಟೆಗೆ ಎರಡನೆಯ ಶೇಂಗಾ ಹೋಳಿಗೆ ಬಿದ್ದುದನ್ನು ನಾನು ಗಮನಿಸಿದ್ದೇನೆ. ನನ್ನ ಮನೆಯಲ್ಲಿ, ನನ್ನ ಬಾವಿಯ ನೀರು, ಅವರ ಹೆಸರಿನಲ್ಲಿ ಬೀಳತೊಡಗಿತು.

ಸದರಿ ಟಾಕಿ ಎರಡು ವರ್ಷ ಯಾವ ತಕರಾರೂ ಇಲ್ಲದೆ ನಡೆಯಿತು. ಅದಾದ ಮೇಲೆ ಒಂದು ಶನಿವಾರ ಬೆಳಿಗ್ಗೆ ಪತ್ನಿ ಪಾತ್ರೆ ತೊಳೆಯುತ್ತಿದ್ದಾಗ ಹಿತ್ತಲಿನಿಂದ ಟಕ್, ಟಕ್ ಎಂಬ ಸದ್ದು ಕೇಳಿಬಂತು. ನಳದಲ್ಲಿ ನೀರು ಒಮ್ಮೆ ಜೋರಾಗಿ, ಒಮ್ಮೆ ಸಣ್ಣಗೆ, ಬಿಕ್ಕಳಿಸಿದಂತೆ ಬರುತ್ತಿತ್ತು. ಹೋಗಿ ನೋಡಿದರೆ ಮೋಟಾರು ಕ್ಷಣಕ್ಕೊಮ್ಮೆ ಶುರುವಾಗಿ ಕ್ಷಣಕ್ಕೊಮ್ಮೆ ನಿಲ್ಲುತ್ತಿತ್ತು.

"ತಂಗಿ ಗಂಡಗ ಫೋನ್ ಹಚ್ಚರಿ," ಎಂದಳು ಪತ್ನಿ.

"ಎಲ್ಲಕ್ಕೂ ಅವರೇ ಯಾಕ? ನಾ ನೋಡ್ತೇನಿ."

"ಇದು ಫೈಲ್ ತಿರುವಿದಂಗ ಅಲ್ರಿ."

ಹೊರಸಿನ ಮೇಲಿದ್ದ ಅತ್ತೆಯವರು ಇದನ್ನು ಕೇಳಿಸಿಕೊಂಡರು. "ನನಗಾಗಿ ಯಾಕ ಹೈರಾಣ ಆಗ್ತೀರಿ," ಎಂದರು, "ನಾಳಿ ನಾಡದ ಜೇವರ್ಗಿಗೆ ಹೋಗಿರ್ತೇನಿ. ನಳ ನೆಟ್ಟಗಾದಮ್ಯಾಲ ಬರ್ತೇನಿ."

ಸಹಜವಾಗಿ ಆಡಿದ ಮಾತು ಅದು. ಆದರೆ ಜೇವರ್ಗಿಯ ಮನೆಯಲ್ಲಿ ನೆಲಮಟ್ಟದಲ್ಲೇ ಹೊಸ ಕೋಣೆ ಕಟ್ಟಿಸಿದ್ದಾರೆ, ಕುರ್ಚಿಯಂತೆ ಕೂರುವ ಪಾಯಖಾನೆ ಇದೆ, ಮೊಮ್ಮಗಳಿದ್ದಾಳೆ. ಅಲ್ಲಿಗೆ ಒಮ್ಮೆ ಹೋದವರು ನಳ ನೆಟ್ಟಗಾಯಿತೆಂಬ ಒಂದೇ ಕಾರಣಕ್ಕೆ ಮರಳುವರೆಂಬ ಭರವಸೆ ನನಗಿರಲಿಲ್ಲ. "ಎಲ್ಲಿಗೂ ಹೋಗೋದು ಬ್ಯಾಡ ಅತ್ತಿ, ಸೋಮವಾರದೊಳಗ ನಾ ಮಾಡಿ ಕೊಡ್ತೇನಿ" ಎಂದು ಹೇಳಿ, ಗಡುವನ್ನು ನಾನೇ ವಿಧಿಸಿಕೊಂಡೆ.

ನನಗೆ ಯಂತ್ರಗಳ ಜ್ಞಾನವಿಲ್ಲ, ಆದರೆ ವಿಚಾರಣೆಯ ಕ್ರಮ ಗೊತ್ತಿದೆ. ಒಂದು ಹಾಳೆ ಮತ್ತು ಪೆನ್ನು ತೆಗೆದುಕೊಂಡು ಬಾವಿಯ ಕಟ್ಟೆಯ ಮೇಲೆ ಕುಳಿತೆ. ಮೊದಲು ಮನೆಯ ಎಲ್ಲ ನಳಗಳನ್ನು ಬಿಗಿಯಾಗಿ ಮುಚ್ಚಿಸಿ, ಒತ್ತಡ ತೋರಿಸುವ ಗಡಿಯಾರದ ಮುಳ್ಳನ್ನು ಕಾದು ನೋಡಿದೆ. ಮುಳ್ಳು ಅಲುಗಲಿಲ್ಲ. ಅಂದರೆ ಪೈಪು ಎಲ್ಲಿಯೂ ಸೋರುತ್ತಿಲ್ಲ, ನೀರು ಬಾವಿಗೆ ಮರಳಿ ಇಳಿಯುತ್ತಲೂ ಇಲ್ಲ. ಇದನ್ನು ಬರೆದುಕೊಂಡೆ. ನಂತರ ಒಂದು ನಳವನ್ನು ಅರ್ಧ ತಿರುಗಿಸಿದೆ. ಮುಳ್ಳು ಕೂಡಲೇ ಧೊಪ್ಪನೆ ಕೆಳಗೆ ಬಿತ್ತು, ಮೋಟಾರು ಶುರುವಾಯಿತು, ಮುಳ್ಳು ಕೂಡಲೇ ಮೇಲೇರಿತು, ಮೋಟಾರು ನಿಂತಿತು. ಕರೆಂಟು ತೆಗೆದು, ಒತ್ತಡದ ಸ್ವಿಚ್ಚಿನ ಮುಚ್ಚಳ ಬಿಚ್ಚಿ, ಒಳಗಿನ ಕಪ್ಪಾದ ತಾಮ್ರದ ತುದಿಗಳನ್ನು ಉಜ್ಜುಕಾಗದದಿಂದ ತಿಕ್ಕಿ ಮತ್ತೆ ಮುಚ್ಚಿದೆ. ಯಾವ ಬದಲಾವಣೆಯೂ ಆಗಲಿಲ್ಲ. ಆದರೂ, ಆ ಮಧ್ಯಾಹ್ನ ನಾನು ಸಂತೋಷವಾಗಿದ್ದೆನೆಂದು ದಾಖಲಿಸಬೇಕು. ಅತ್ತೆಯವರು ಹಿತ್ತಲ ಬಾಗಿಲಿಗೆ ಬಂದು ನಿಂತು, "ಏನ್ ಬರಿಯಾಕತ್ತೀಲೇ, ಮೋಟಾರಿಗೆ ನೋಟಿಸ್ ಕೊಡ್ತಿ ಏನ್?" ಎಂದು ಕೇಳಿ ನಕ್ಕಿದ್ದರು.

ಅಷ್ಟರಲ್ಲಿ ಪತ್ನಿ ನನಗೆ ತಿಳಿಸದೆ ತಂಗಿಗೆ ಫೋನ್ ಮಾಡಿದ್ದಳು. ಭಾನುವಾರ ಬೆಳಿಗ್ಗೆ ಷಡ್ಡಕರ ಧ್ವನಿಸಂದೇಶ ಅವಳ ಮೊಬೈಲಿಗೆ ಬಂತು. ಹಿನ್ನೆಲೆಯಲ್ಲಿ ಯಾವುದೋ ಮೋಟಾರು ಗಿರ್ರೆನ್ನುತ್ತಿತ್ತು. "ಅಣ್ಣಾರ, ದೊಡ್ಡದೇನಿಲ್ರಿ. ಟಾಕ್ಯಾಗ ಗಾಳಿ ಹೋಗ್ಯದ. ಗಾಳಿ ಒಂದ್ ನೋಡ್ರಿ, ಆತು."

ಈ ವಾಕ್ಯವನ್ನು ನಾನು ಮೂರು ಸಲ ಕೇಳಿದೆ. ನಮ್ಮ ಕಡೆ ಹೊಲದಲ್ಲಿ ಮೋಟಾರು ನೀರೆತ್ತದಿದ್ದರೆ ಎಲ್ಲರೂ ಹೇಳುವ ಮೊದಲ ಮಾತೇ ಗಾಳಿ ಹಿಡಿದಿದೆ ಎಂಬುದು. ಪೈಪಿನೊಳಗೆ ಗಾಳಿ ಹೊಕ್ಕಿರುತ್ತದೆ. ಮೇಲಿನ ತಿರುಪು ಸಡಿಲಿಸಿ ಅದನ್ನು ಹೊರಗೆ ಬಿಟ್ಟರೆ ನೀರು ಏರುತ್ತದೆ. ಚಿಕ್ಕಂದಿನಿಂದ ನೋಡಿದ್ದು. ನೀರಿರುವ ಕಡೆ ಗಾಳಿ ವೈರಿ. ಹೀಗಾಗಿ ಟಾಕಿಯೊಳಗೆ ಗಾಳಿ ಹೊಕ್ಕಿದೆ, ಅದನ್ನು ಹೊರಗೆ ಕಳಿಸಬೇಕು ಎಂದೇ ನಾನು ಅರ್ಥಮಾಡಿಕೊಂಡೆ. ಅದೇ ಮಾತಿಗೆ ಒಳಗಿದ್ದ ಗಾಳಿ ಹೊರಟುಹೋಗಿದೆ ಎಂಬ ಇನ್ನೊಂದು ಅರ್ಥವೂ ಇದೆಯೆಂದು ಆಗ ಹೊಳೆಯಲಿಲ್ಲ. ಕಚೇರಿಯಲ್ಲಿ ಇಂಥ ಎರಡರ್ಥದ ಸಾಲು ಬಂದಿದ್ದರೆ, ಸ್ಪಷ್ಟೀಕರಣ ಕೋರಿ ಪತ್ರ ಬರೆಯದೆ ಮುಂದೆ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಇಲ್ಲಿ ಒಂದು ಫೋನು ಸಾಕಾಗಿತ್ತು. ಷಡ್ಡಕರನ್ನು ಎರಡನೆಯ ಸಲ ಕೇಳುವುದು ನನ್ನಿಂದ ಆಗದ ಕೆಲಸವಾಗಿತ್ತು, ಅಷ್ಟೇ.

ಟಾಕಿಯ ನೆತ್ತಿಯ ಮೇಲೆ ಒಂದು ಕಪ್ಪು ಬಿರಡೆ. ಅದನ್ನು ತಿರುಗಿಸಿ ತೆಗೆದರೆ ಸೈಕಲ್ ಟ್ಯೂಬಿಗೆ ಇರುವಂಥದೇ ವಾಲ್, ಅದರ ನಡುವೆ ಸಣ್ಣ ಪಿನ್ನು. ಪೆನ್ನಿನ ತುದಿಯಿಂದ ಪಿನ್ನನ್ನು ಒತ್ತಿದೆ. ಸುಸ್ ಎಂದು ಗಾಳಿ ಬಂತು. ನನ್ನ ಊಹೆ ಸರಿಯಾಗಿತ್ತೆಂದು ಹಿಗ್ಗಿ, ಸದ್ದು ಪೂರ್ತಿ ನಿಲ್ಲುವವರೆಗೆ ಒತ್ತಿ ಹಿಡಿದೆ. ಒಳಗೆ ಬಂದು, "ಆತು ನೋಡ್ರಿ, ಸಂಕಟ ಬಿಟ್ಟಿತು. ಅತ್ತಿ, ನೀ ಜಳಕ ಮಾಡು" ಎಂದೆ.

ಅತ್ತೆಯವರು ಬಚ್ಚಲಿಗೆ ಹೋದರು. ತಲೆಗೆ ಸೀಗೆಕಾಯಿ ಹಚ್ಚಿಕೊಂಡು ನಳ ತಿರುಗಿಸಿದ್ದೇ ತಡ, ಹಿತ್ತಲಲ್ಲಿ ಸ್ವಿಚ್ಚು ಹಲ್ಲು ಕಡಿದಂತೆ ಟಕಟಕಟಕ ಎನ್ನತೊಡಗಿತು. ನಾನು ಓಡಿ ಹೋಗುವಷ್ಟರಲ್ಲಿ ಮೋಟಾರು ಗುಂಯ್ ಎಂದು ಒಂದೇ ಸಮನೆ ನರಳಿತು, ಸುಟ್ಟ ವಾಸನೆ ಬಂತು, ಎಲ್ಲವೂ ನಿಂತುಹೋಯಿತು. ಒಳಗಿನಿಂದ ಅತ್ತೆಯವರ ಧ್ವನಿ: "ಏ ನೀರ್ ಎಲ್ಲಿ? ಕಣ್ಣ ಉರಿಯಾಕತ್ತಾವ." ಬಾವಿಗೆ ಈಗ ನೀರು ಸೇದುವ ಗಡಗಡಿ ಇಲ್ಲ. ಬಕೀಟಿಗೆ ಒಗೆದ ಬಟ್ಟೆ ಹಾಕುವ ಹಗ್ಗ ಕಟ್ಟಿ, ಕಟ್ಟೆಯ ಮೇಲೆ ಬಗ್ಗಿ ನೀರು ಸೇದಿದೆ. ಅರ್ಧ ಚೆಲ್ಲಿ ಅರ್ಧ ಮೇಲೆ ಬಂದ ಮೂರು ಬಕೀಟು ತಣ್ಣೀರಿನಲ್ಲಿ ಪತ್ನಿ ಅವರ ತಲೆ ತೊಳೆದಳು.

ಮುಂದೆ ಬರೆಯಬೇಕಾದದ್ದು ನನಗೆ ಗೌರವ ತರುವಂಥದ್ದಲ್ಲ. ಅತ್ತೆಯವರು ತಲೆಗೆ ಟವೆಲು ಸುತ್ತಿಕೊಂಡು, ಕೆಂಪಾದ ಕಣ್ಣುಗಳೊಂದಿಗೆ ಹೊರಸಿನ ಮೇಲೆ ಕುಳಿತು, "ಏನಾತಪ್ಪಾ?" ಎಂದು ಕೇಳಿದರು. ಅವರ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಹೇಳಿದೆ: "ನಾ ಏನ್ ಮಾಡ್ಲಿ ಅತ್ತಿ. ಅವರು ಹಾಕಿದ್ದೇ ಕಚ್ಚಾ ಕೆಲಸ. ಟಾಕಿನೇ ಹಗುರಿಂದು. ಮೊದಲಿಂದ ಹಂಗೇ ಇತ್ತು, ಈಗ ಹೊರಗ ಬಿತ್ತು."

ಪತ್ನಿ ನನ್ನನ್ನು ಒಮ್ಮೆ ನೋಡಿ ಒಳಗೆ ಹೋದಳು. ಅತ್ತೆಯವರು ಮೊಬೈಲು ಕೇಳಿದರು. ಜೇವರ್ಗಿಗೆ ಹಚ್ಚಿಕೊಟ್ಟೆ. ಷಡ್ಡಕರು ಎತ್ತಿದೊಡನೆ ಅವರು ಶುರುಮಾಡಿದ ರೀತಿಯನ್ನು ನಾನು ಇಂದಿಗೂ ಮರೆತಿಲ್ಲ. "ಏ ತಮ್ಮಾ, ಎಂಥಾ ಟಾಕಿ ತಂದ್ ಹಾಕಿದೀಲೇ? ಮುದಿಕಿ ಕಣ್ಣಾಗ ಸೀಗಿಕಾಯಿ ಹಾಕಸ್ಬೇಕಂತ ಮಾಡಿದ್ದೇನು? ನಿನ್ನ ಕೈಯಾಗಿನ ಕೆಲಸ ಅಂತ ನಾ ಊರ ತುಂಬ ಹೇಳ್ಕೋತ ತಿರಗೇನಿ."

ಒಂದೇ ಉಸಿರಿನಲ್ಲಿ ಷಡ್ಡಕರ "ರಿ" ಬಿದ್ದುಹೋಗಿತ್ತು. ಹಿಂಬಡ್ತಿಯ ಆದೇಶವನ್ನು ಕಣ್ಣಾರೆ ಕಂಡಷ್ಟು ಸಮಾಧಾನ ನನಗಾಯಿತು. ಆ ಕಡೆಯಿಂದ ಷಡ್ಡಕರು ನಗುತ್ತಿರುವುದು ಕೇಳಿಸಿತು. "ಬೈಯ್ರಿ ಅತ್ತಿ, ಬೈಯ್ರಿ. ನಾಳಿ ಮುಂಜಾನಿ ಬಸ್ಸಿಗೆ ಬರ್ತೇನಿ."

ಸೋಮವಾರ ನಾನು ಕಚೇರಿಗೆ ರಜೆ ಹಾಕಿದೆ. ಷಡ್ಡಕರು ಹತ್ತು ಗಂಟೆಗೆ ಚೀಲದೊಂದಿಗೆ ಬಂದರು, ನೇರ ಹಿತ್ತಲಿಗೆ ಹೋದರು. ಮೋಟಾರಿನ ಪಕ್ಕದ ಡಬ್ಬಿ ಬಿಚ್ಚಿ, ಉಬ್ಬಿಹೋಗಿದ್ದ ಕಂಡೆನ್ಸರನ್ನು ತೆಗೆದು ಬೇರೆ ಹಾಕಿದರು. ನಂತರ ಟಾಕಿಯನ್ನು ಬೆರಳ ಗಿಣ್ಣಿನಿಂದ ಮೇಲಿನಿಂದ ಕೆಳಗಿನವರೆಗೆ ತಟ್ಟಿ ನೋಡಿದರು. ಎಲ್ಲ ಕಡೆಯೂ ಒಂದೇ ಗಟ್ಟಿ ಸದ್ದು. ಬಿರಡೆ ತೆಗೆದು, ವಾಲಿನ ಮೇಲೆ ಬಗ್ಗಿ ಸ್ವಲ್ಪ ಹೊತ್ತು ನೋಡಿದರು.

"ಗಾಳಿ ಒಂದ್ ಚೂರೂ ಇಲ್ಲಲ್ರಿ ಅಣ್ಣಾರ."

"ಹೌದು, ಬಿಟ್ಟೇನಿ. ನೀವೇ ಹೇಳಿದ್ರಲಾ, ಗಾಳಿ ಹೋಗ್ಯದ ಅಂತ."

"ಗಾಳಿ ಹೋಗ್ಯದ ಅಂದ್ರ ಗಾಳಿ ಹೋಗ್ಯದ ಅಂತ್ರಿ," ಎಂದರು ಅವರು. ಅಷ್ಟು ಹೇಳಿದ ಮೇಲೆ ಅವರಿಗೇ ಅದರ ಗೊಂದಲ ಹೊಳೆದಿರಬೇಕು. ಕಟ್ಟೆಯ ಮೇಲೆ ಕುಳಿತು ಮುಖ ಆ ಕಡೆ ತಿರುಗಿಸಿ ನಕ್ಕರು. ಆಮೇಲೆ ವಿವರಿಸಿದರು. ಟಾಕಿಯೊಳಗೆ ರಬ್ಬರಿನ ಚೀಲವಿದೆ. ಚೀಲದಲ್ಲಿ ನೀರು, ಅದರ ಸುತ್ತ ಗಾಳಿ. ನೀರನ್ನು ನಳದವರೆಗೆ ನೂಕುವುದು ಆ ಗಾಳಿಯೇ. ಗಾಳಿ ಕಡಿಮೆಯಾದರೆ ಟಾಕಿಯಲ್ಲಿ ನೀರು ತುಂಬಿದ್ದರೂ ನೂಕುವವರಿಲ್ಲ. ಒಂದು ಲೋಟ ತೆಗೆದರೂ ಮೋಟಾರು ಏಳಬೇಕು. "ಕರೆಂಟ್ ಬಂದ್ ಮಾಡಿ, ನಳ ಬಿಟ್ಟು, ಟಾಕಿ ಪೂರಾ ಖಾಲಿ ಮಾಡ್ಬೇಕ್ರಿ. ನೀರ್ ಇದ್ದಾಗ ಅಳದ್ರ ಸುಳ್ಳ ಲೆಕ್ಕ ತೋರಸ್ತದ. ಖಾಲಿ ಆದಮ್ಯಾಲ ಸೈಕಲ್ ಪಂಪಿನ್ಯಾಗ ಗಾಳಿ ಹೊಡಿಯೋದು. ಮೋಟಾರ್ ಯಾವ ಒತ್ತಡಕ್ಕ ಶುರು ಆಗ್ತದಲಾ, ಅದಕ್ಕಿಂತ ಜರಾ ಕಮ್ಮಿ."

ಪಂಪು ಹೊಡೆಯುವ ಕೆಲಸವನ್ನು ನನಗೆ ಕೊಟ್ಟರು. ಅವರು ಟಾಯರಿನ ಗಾಳಿ ಅಳೆಯುವ ಕಡ್ಡಿಯನ್ನು ವಾಲಿಗೆ ಒತ್ತಿ ನೋಡುತ್ತಾ, "ಇನ್ನಾ ಜರಾ. ಇನ್ನಾ ಜರಾ. ಸಾಕ್ರಿ" ಎಂದರು. ಕರೆಂಟು ಹಾಕಿದಾಗ ಮೋಟಾರು ಒಂದು ಸಲ ಎದ್ದು, ಸಾವಕಾಶ ತುಂಬಿ, ನಿಂತಿತು. ನಳ ಬಿಟ್ಟರೆ ನೀರು ಏಕಧಾರೆ. ಟಾಕಿಯಲ್ಲಾಗಲಿ, ಜೋಡಣೆಯಲ್ಲಾಗಲಿ ಯಾವ ದೋಷವೂ ಇರಲಿಲ್ಲ. ವರ್ಷಕ್ಕೊಮ್ಮೆ ಗಾಳಿ ನೋಡಿಕೊಳ್ಳಬೇಕಿತ್ತು, ನೋಡಿಕೊಂಡಿರಲಿಲ್ಲ.

ಊಟಕ್ಕೆ ಕುಳಿತಾಗ ಅತ್ತೆಯವರು ಏನಾಗಿತ್ತೆಂದು ಷಡ್ಡಕರನ್ನೇ ಕೇಳಿದರು. ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ. ಷಡ್ಡಕರು ಪುಂಡಿಪಲ್ಯವನ್ನು ನೋಡುತ್ತಾ, "ನಂದೇ ತಪ್ಪದ ಅತ್ತಿ. ವಾಲ್ ಸಡಲ ಬಿಟ್ಟಿದ್ದೆ" ಎಂದರು.

"ಇರ್ಲಿ ಬಿಡು. ನೀ ಏನ್ ಬೇಕಂತ ಮಾಡೀಯೇನ್. ಉಣ್ಣು, ಅಷ್ಟ್ ದೂರಿಂದ ಬಂದಿ," ಎಂದರು ಅತ್ತೆಯವರು. ಕುಳಿತಲ್ಲಿಂದಲೇ, ಸೆರಗು ಎಳೆದುಕೊಳ್ಳದೆ, ಷಡ್ಡಕರ ತಟ್ಟೆಯಲ್ಲಿದ್ದ ಮೆಣಸಿನಕಾಯಿಯನ್ನು ತಾವೇ ತೆಗೆದು ಬದಿಗಿಟ್ಟರು. ಖಾರ ಹೆಚ್ಚಾದೀತೆಂದು ನನ್ನ ತಟ್ಟೆಯಿಂದ ತೆಗೆಯುತ್ತಿದ್ದುದು ಹಾಗೆಯೇ.

ಆಗ ನನಗೆ ಅರಿವಾಯಿತು. ನಿನ್ನೆ ಫೋನಿನಲ್ಲಿ ನಾನು ಕಂಡದ್ದು ಹಿಂಬಡ್ತಿಯಲ್ಲ. ಹದಿನೈದು ವರ್ಷ ಅತಿಥಿಯಾಗಿದ್ದವರನ್ನು ನನ್ನ ಒಂದು ಸುಳ್ಳು ಮನೆಯವರನ್ನಾಗಿ ಮಾಡಿತ್ತು. ಏಕವಚನದ ಆ ಸಲಿಗೆಯೇ ನನ್ನ ಪಾಲೆಂದು ಗೊತ್ತಿಲ್ಲದೆ ನಾನು ಇಷ್ಟು ದಿನ ಗೊಣಗುತ್ತಾ ಉಂಡದ್ದನ್ನು ಅವರೀಗ ನನ್ನೆದುರೇ ಉಣ್ಣುತ್ತಿದ್ದರು. ಅದರ ಮೇಲೆ, ನನ್ನ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡ ದೊಡ್ಡತನವೂ ಅವರದೇ.

ಷಡ್ಡಕರು ಕೈ ತೊಳೆದು, ಸಾಮಾನು ಚೀಲಕ್ಕೆ ಹಾಕಲು ಹಿತ್ತಲಿಗೆ ಹೋದಾಗ ನಾನು ಅತ್ತೆಯವರಿಗೆ ಎಲ್ಲವನ್ನೂ ಹೇಳಿದೆ. ಗಾಳಿ ಬಿಟ್ಟವನು ನಾನು, ಕಚ್ಚಾ ಕೆಲಸವೆಂದು ಹೇಳಿದ್ದು ಸುಳ್ಳು, ಅವರು ಈಗ ನನ್ನನ್ನು ಉಳಿಸಲು ಸುಳ್ಳು ಹೇಳುತ್ತಿದ್ದಾರೆ. ಇದನ್ನು ಪ್ರಾಮಾಣಿಕತೆಯೆಂದು ಯಾರೂ ಪರಿಗಣಿಸಬಾರದಾಗಿ ವಿನಂತಿ. ಒಳ್ಳೆಯವರೆಂಬ ಹೆಸರೂ ಅವರಿಗೇ ಹೋಗುವುದನ್ನು ತಡೆಯುವುದಕ್ಕಾಗಿ ಮಾತ್ರ ನಾನು ನಿಜ ಹೇಳಿದೆ.

ಅತ್ತೆಯವರು ತಮ್ಮ ಮುಂದಿನ ತಟ್ಟೆಯನ್ನು ಬದಿಗೆ ಸರಿಸಿದರು. ಆಮೇಲೆ, "ಹಂಗೇನ್ರಿ ಅಳಿಯಾರ," ಎಂದರು.

ನನ್ನ ಕಿವಿಯನ್ನು ನಾನು ನಂಬಲಿಲ್ಲ.

"ನೀವು ಓದಿದವರು. ತಿಳದವರು. ನಿಮಗ ನಾ ಏನ್ ಹೇಳ್ಲಿರಿ." ಮಗಳ ಕಡೆ ತಿರುಗಿ, "ನನ್ನ ಎರಡು ಸೀರಿ ಚೀಲದಾಗ ಹಾಕವಾ" ಎಂದರು. ಮೊಣಕಾಲಿನ ಮೇಲೆ ಕೈಯೂರಿ ಎದ್ದು, ನನ್ನನ್ನು ದಾಟಿ ಹೋಗುವಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮಧ್ಯಾಹ್ನದ ಬಸ್ಸಿಗೆ ಷಡ್ಡಕರೊಂದಿಗೆ ಜೇವರ್ಗಿಗೆ ಹೊರಟುಹೋದರು. ನಳದಲ್ಲಿ ನೀರು ಎಂದಿಗಿಂತ ಜೋರಾಗಿ ಬರುತ್ತಿತ್ತು.

ಆನಂತರದ ಎರಡನೆಯ ಶನಿವಾರ ನಾನು ಜೇವರ್ಗಿಗೆ ಹೋದೆ. "ಬರ್ರಿ, ಕೂಡ್ರಿ. ಕಚೇರಿ ಹ್ಯಾಂಗ ನಡದದ್ರಿ?" ಎಂದು ಕೇಳಿದರು. ಹೊಸ ಲೋಟದಲ್ಲಿ ಚಹಾ ಕೊಡಿಸಿದರು. ಷಡ್ಡಕರು ಒಳಗೆ ಬಂದಾಗ, "ಏ, ಆ ಫ್ಯಾನ್ ಹಚ್ಚು, ಅಳಿಯಾರು ಬೆವತಾರ" ಎಂದರು. ನಾನು ಬಯಸಿದ್ದ ಗೌರವವೆಲ್ಲ ಒಂದೇ ಮಧ್ಯಾಹ್ನದಲ್ಲಿ ಸಂದಾಯವಾಯಿತು. ಆ ಮನೆಯ ಫ್ಯಾನು ಹಚ್ಚಲು ಹೋದ ಮನುಷ್ಯನನ್ನು ನೋಡಿ ಹೊಟ್ಟೆ ಉರಿದಷ್ಟು ನನಗೆ ಎಂದೂ ಉರಿದಿರಲಿಲ್ಲ. ಮರಳಿ ಬರುವಿರಾ ಎಂದು ಕೇಳಲು ಧೈರ್ಯವಾಗದೆ ಎದ್ದು ಬಂದೆ.

ನಾಲ್ಕನೆಯ ಶನಿವಾರ ಮತ್ತೆ ಹೋಗಿ, ಕೇಳಿದೆ.

"ನನ್ನ ಮುಂದ ಹೇಳೀರಿ, ಖರೆ," ಎಂದರು ಅತ್ತೆಯವರು. "ಯಾರ ಕೆಲಸಕ್ಕ ಹೆಸರಿಟ್ರಿ, ಅವರ ಮುಂದ ಹೇಳೀರೇನ್ರಿ?"

ಹೇಳಿರಲಿಲ್ಲ. ಆಳಂದಕ್ಕೆ ಮರಳಿ, ಎರಡು ವಾರ ಅದನ್ನೇ ಯೋಚಿಸಿದೆ. ಬಾಯಿಂದ ಬರದ ಮಾತನ್ನು ಬರೆದುಕೊಡುವುದು ನನಗೆ ತಿಳಿದ ದಾರಿ. ಮೂರು ಕರಡು ಹರಿದು ಹಾಕಿ, ನಾಲ್ಕನೆಯದನ್ನು ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಜೇವರ್ಗಿಗೆ ಹೋಗಿ, ಮನೆಗೆ ಹೋಗದೆ ನೇರ ಅಂಗಡಿಗೆ ಹೋದೆ. ಷಡ್ಡಕರು ಬಿಚ್ಚಿದ ಮೋಟಾರೊಂದರ ತಂತಿಗೆ ವಾರ್ನಿಶ್ ಹಚ್ಚುತ್ತಿದ್ದರು. ಮೋಟಾರು ರಿಪೇರಿಗೆ ತಂದಿದ್ದ ಅಂದೋಲಾ ಕಡೆಯ ರೈತರಿಬ್ಬರು ಬಾಕಿನ ಮೇಲೆ ಕುಳಿತು ಕಾಯುತ್ತಿದ್ದರು. ನಾನು ಪತ್ರ ಚಾಚಿದೆ.

"ಕೈ ಪೂರಾ ವಾರ್ನಿಶ್ ಅದ್ರಿ ಅಣ್ಣಾರ. ನೀವೇ ಓದ್ರಿ."

ಹಿಂದೆ ಸರಿಯಲು ದಾರಿಯಿರಲಿಲ್ಲ. ಓದತೊಡಗಿದೆ: "ಆಳಂದದ ನಮ್ಮ ವಾಸದ ಮನೆಯಲ್ಲಿ ತಾವು ಕೈಗೊಂಡ ಟಾಕಿ ಜೋಡಣಾ ಕಾರ್ಯವು ಸಂಪೂರ್ಣ ದೋಷರಹಿತವಾಗಿದ್ದು, ಸದರಿ ಕಾರ್ಯದ ಕುರಿತು ನನ್ನಿಂದ ವ್ಯಕ್ತವಾದ ಅಭಿಪ್ರಾಯವು ಆಧಾರರಹಿತವಾಗಿದ್ದರಿಂದ..."

ರೈತರಲ್ಲಿ ಹಿರಿಯರು ಪಕ್ಕದವರನ್ನು ಕೇಳಿದರು: "ಅಂಗಡಿ ತೆಗಸ್ಲಾಕ ನೋಟಿಸ್ ಬಂದದೇನ್?"

"ಅಲ್ರಿ, ಮೋಟಾರ್ ಚಲೋ ಅದ ಅಂತ ಓದಾಕತ್ತಾರ," ಎಂದರು ಇನ್ನೊಬ್ಬರು.

ನಾನು ಪತ್ರ ಮಡಿಸಿದೆ. "ನಿಮ್ಮ ಕೆಲಸ ಚಲೋ ಇತ್ತು," ಎಂದೆ. "ನಾ ಸುಳ್ಳ ಹೇಳ್ದೆ. ನನಗ ನಿಮ್ಮ ಮ್ಯಾಲ ಹೊಟ್ಟಿಕಿಚ್ಚು ಅದ. ಮೊದಲಿಂದ ಅದ."

ಷಡ್ಡಕರು ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿದರು. "ಗಾಳಿ ಬಿಟ್ಟವರು ನೀವೇ ಅಂತ ನೀವು ಹೇಳೂದಕ್ಕ ಮೊದಲ ಗೊತ್ತಾಗಿತ್ರಿ. ಪಿನ್ ಮ್ಯಾಲ ನೀಲಿ ಶಾಯಿ ಹತ್ತಿತ್ತು." ತಲೆ ಎತ್ತದೆಯೇ ಹೇಳಿದರು: "ಹೊಟ್ಟಿಕಿಚ್ಚು ನನಗೂ ಇತ್ರಿ. ನಮ್ಮ ಮನಿಗೆ ಬಂದಾಗೊಮ್ಮೆ ಅತ್ತಿ ಪರಕೀಯರಂಗ ಸೆರಗ ಎಳ್ಕೊಂಡು ಕೂಡ್ತಿದ್ರು. ನಿಮ್ಮ ಮನ್ಯಾಗ ಲೇ ಅಂತ ನಿಮ್ಮನ್ನ ಬೈಯೋದು ಕೇಳಿ ನಾ ಬಸ್ ಹತ್ತತಿದ್ದೆ. ಚಾ ಕುಡೀತೀರೇನ್ರಿ?"

ಚಹಾ ಕುಡಿದೆವು. ಸಮಾಧಾನವಾಯಿತು, ಆದರೆ ಅವರು ಇದನ್ನೂ ನನಗಿಂತ ಸರಳವಾಗಿ, ಕುಂಚ ಒರೆಸುತ್ತಲೇ ಹೇಳಿ ಮುಗಿಸಿದರಲ್ಲ ಎಂಬ ಸಂಕಟವೂ ಜೊತೆಗೇ ಇತ್ತು. ಅದನ್ನು ಮರೆಮಾಚಿದರೆ ಈ ಬರಹಕ್ಕೆ ಅರ್ಥವಿಲ್ಲ.

ಮನೆಗೆ ಹೋದಾಗ ಅತ್ತೆಯವರು ಅಂಗಳದಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಹೇಳಿ ಬಂದೆ ಎಂದೆ. ಹಿಂದೆಯೇ ಬಂದ ಷಡ್ಡಕರ ಮುಖ ನೋಡಿದರು; ಅವರು ತಲೆಯಾಡಿಸಿದರು. ಅತ್ತೆಯವರು ಕಾಯಿಯ ಪುಟ್ಟಿಯನ್ನು ನನ್ನ ಕಡೆಗೆ ಸರಿಸಿದರು. "ಬಿಡಸು. ಇಷ್ಟ್ ಮುಗದ ಮ್ಯಾಲ ಹೋಗೂಣು. ಉಂಡಿ ಏನ್, ಹಂಗೇ ಬಂದಿ?"

ಕಲಬುರಗಿಯಲ್ಲಿ ಬಸ್ಸು ಬದಲಿಸಿ, ಆಳಂದದ ಬಸ್ಸಿನಲ್ಲಿ ಇಬ್ಬರಿಗೆ ಮೂವರ ಸೀಟು ಸಿಕ್ಕಿತು. ಅತ್ತೆಯವರು ಕಿಟಕಿಯ ಪಕ್ಕ ಕುಳಿತು ಸ್ವಲ್ಪ ಹೊತ್ತು ತೊಗರಿ ಹೊಲಗಳನ್ನು ನೋಡಿದರು. "ಅಂವನ ಮನ್ಯಾಗ ನೀರು ಭಾಳ ಜೋರ್ ಬರ್ತದ ನೋಡು," ಎಂದರು. "ಬಿಸಿನೂ ಇರ್ತದ. ದೀಪಾವಳಿಗೆ ಮತ್ತ ಬಾ ಅಂದಾನ. ಹೋಗ್ತೇನಿ."

ನಮ್ಮ ಟಾಕಿಯಲ್ಲಿ ಇನ್ನೂ ಸ್ವಲ್ಪ ಗಾಳಿ ಹಿಡಿಸುತ್ತದೆಯೇ ಎಂದು ನಾನು ಆಗಲೇ ಯೋಚಿಸತೊಡಗಿದ್ದೆ. ಬಾಯಿಂದ ಮಾತ್ರ, "ಹೂಂ, ಹೋಗಿ ಬಾ" ಎಂದೆ.

"ಸರಿ ಅತ್ತಾಗ," ಎಂದು ಅವರು ನನ್ನ ಭುಜ ನೂಕಿದರು. ನಾನು ಸೀಟಿನ ತುದಿಗೆ ಸರಿದೆ. ಅವರು ಎರಡೂ ಕಾಲುಗಳನ್ನು ಎತ್ತಿ ನನ್ನ ತೊಡೆಯ ಮೇಲೆ ಚಾಚಿ, ಮೊಣಕಾಲು ತಿಕ್ಕೆಂದು ಬೆರಳಿನಿಂದ ತೋರಿಸಿ, ಕಣ್ಣು ಮುಚ್ಚಿದರು.